ಅಪ್‌ಡೇಟ್: ಸ್ಲೈಡ್ ಕೊರೆಸುವ ಮೊದಲು ಸ್ಪ್ರಿಂಗ್

ಸ್ಪರ್ಧೆಯ ಪಿಸ್ತೂಲಿಗೆ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಓಡುವ ಮೇಲ್ಭಾಗ) ಕೊರೆಸಿ ಹಗುರ ಮಾಡಿಸಲೋ, ಫ್ರೇಮ್ (ಹಿಡಿ ಇರುವ ಕೆಳಭಾಗ) ಭಾರ ಮಾಡಲೋ ಎಂದು ಕೇಳಿದ್ದೆ. ಮೊದಲು ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಬದಲಿಸಿ ನೋಡಿ ಎಂದಿರಿ, ಸರಿಯೇ ಆಯ್ತು.

9 ಎಂಎಂ, 147 ಗ್ರೇನ್ ಬುಲೆಟ್, ಸೆಕೆಂಡಿಗೆ 870 ಅಡಿ. ಪವರ್ ಫ್ಯಾಕ್ಟರ್ (ಗ್ರೇನ್ ತೂಕ × ವೇಗ ÷ 1000) 127.9. ಸ್ಪರ್ಧೆಯ ಕೆಳಗಿನ ಶಕ್ತಿ ವರ್ಗವಾದ ಮೈನರ್‌ಗೆ ಬೇಕಾದ 125ಕ್ಕಿಂತ ತುಸುವೇ ಮೇಲೆ. ಹಿಂದೊದೆತ ಇಷ್ಟು ಮೆತ್ತಗಿರುವ ಗುಂಡಿಗೆ ಬಿಗಿ ಸ್ಪ್ರಿಂಗ್ ಇದ್ದರೆ ಸ್ಲೈಡ್ ಮುಚ್ಚುವಾಗ ಮೂತಿ ತಗ್ಗುತ್ತದೆ, ಎರಡನೇ ಗುಂಡು ಕೆಳಗೆ ಬೀಳುತ್ತದೆ. ಸ್ಪ್ರಿಂಗಿನ ಬಿಗಿಯನ್ನು ಒಂದೊಂದೇ ಪೌಂಡ್ ಇಳಿಸಿದೆ. ಮುಂದಿನ ಸೈಟ್ ನೆಟ್ಟಗೆ ಎದ್ದು ಅದೇ ಜಾಗಕ್ಕೆ ಇಳಿಯತೊಡಗಿತು. ಇನ್ನೊಂದು ಪೌಂಡ್ ಇಳಿಸಿದ್ದು ಅತಿಯಾಸೆ: ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಅದಕ್ಕೆ ಹಿಂದಿನ ಸ್ಪ್ರಿಂಗನ್ನೇ ವಾಪಸ್ ಹಾಕಿದೆ.

ಸ್ಲೈಡ್ ಕೊರೆಸುವುದಾದರೆ ಅದರ ಮುಂಭಾಗ ಮಾತ್ರ. ಬ್ರೀಚ್ ಮುಖ (ಗುಂಡಿನ ಹಿಂಬದಿಗೆ ಒರಗುವ ಭಾಗ), ಲಾಕಿಂಗ್ ಅಂಚು (ಬ್ಯಾರೆಲ್ ಸಿಕ್ಕಿಕೊಳ್ಳುವ ಅಂಚು) ಮುಟ್ಟುವಂತಿಲ್ಲ. ಮೂತಿಗೆ ಭಾರ ಬೇಕೆಂದರೆ ಡಸ್ಟ್ ಕವರ್ (ಫ್ರೇಮಿನ ಮುಂಚಾಚು) ಕಡೆ ಸೇರಿಸುತ್ತೇನೆ, ಅದು ಸ್ಲೈಡ್ ಜೊತೆ ಓಡುವುದಿಲ್ಲವಲ್ಲ.