ಮೂರ್ತಿಯ ಮುಖ ಮುಳುಗುತ್ತಿದೆಯೆ?

"ಏನೋ ಮೂರ್ತಿ, ಎಣ್ಣೆ ಸವರಿದ ಬಾಣಲೆ ಥರ ಮಿಂಚ್ತಿದೀಯ?"

"ಸೀರಮ್ಮು ಕಣೋ ಶೀನ. ಸ್ಕ್ವಾಲೇನ್. ರಾತ್ರಿ ಮೂರೇ ತೊಟ್ಟು."

"ಎಲ್ಲಿಂದ ಬರುತ್ತೆ ಅದು?"

"ಆನ್‌ಲೈನಿಂದ."

"ಅದಕ್ಕೂ ಮುಂಚೆ ಗಲ್ಪರ್ ಶಾರ್ಕಿನ ಲಿವರ್‌ನಲ್ಲಿ ಇದ್ದಿರಬಹುದು. ಒಂದು ಮೀಟರ್ ಉದ್ದದ ಪಾಪದ ಪ್ರಾಣಿ, ಹಸಿರು ಕಣ್ಣು. ಶಾರ್ಕಿಗೆ ಗಾಳಿಚೀಲ ಇಲ್ಲ ನೋಡು. ನೂರಾರು ಮೀಟರ್ ಆಳದಲ್ಲಿ ಮುಳುಗದೆ ಇರೋಕೆ ನೀರಿಗಿಂತ ಹಗುರವಾದ ಸ್ಕ್ವಾಲೀನ್ ಎಣ್ಣೆಯನ್ನ ಲಿವರ್‌ನಲ್ಲಿ ತುಂಬ್ಕೊಂಡಿರುತ್ತೆ. ಮೈತೂಕದ ಐದನೇ ಒಂದು ಪಾಲು ಲಿವರೇ ಇರಬಹುದು. ಈಗ ಹೇಳು, ನಿನ್ನ ಮುಖ ಯಾವುದರಲ್ಲಿ ಮುಳುಗ್ತಿತ್ತು?"

"ಸಾಲದಲ್ಲಿ," ಅಂದಳು ಪದ್ದಕ್ಕ.

"ಇದು ಸ್ಕ್ವಾಲೀನ್ ಅಲ್ಲ, ಸ್ಕ್ವಾಲೇನ್," ಮೂರ್ತಿ ಬಿಡಲಿಲ್ಲ.

"ಅದೇ ಎಣ್ಣೆ ಕಣೋ. ಗಾಳಿ ತಾಗಿದ್ರೆ ಕಮಟು ಹಿಡಿಯುತ್ತೆ ಅಂತ ಹೈಡ್ರೋಜನ್ ಸೇರಿಸ್ತಾರೆ, ಆಗ ಸ್ಕ್ವಾಲೇನ್ ಆಗಿ ಕೆಡದೆ ತಡೆಯುತ್ತೆ. ಆಲಿವ್‌ನಿಂದ್ಲೂ ಬರುತ್ತೆ, ಕಬ್ಬಿನ ಸಕ್ಕರೆಯನ್ನ ಯೀಸ್ಟಿಗೆ ತಿನ್ನಿಸಿಯೂ ಮಾಡ್ತಾರೆ. ಅದಿರಲಿ, ನಿನ್ನ ಚರ್ಮದ ಜಿಡ್ಡಲ್ಲೇ ಸ್ಕ್ವಾಲೀನ್ ಇದೆ. ಸೋಪು ಹಾಕಿ ಪುಕ್ಕಟೆದನ್ನ ತೊಳೀತೀಯ, ದುಡ್ಡು ಕೊಟ್ಟು ಶಾರ್ಕಿಂದು ಮೆತ್ಕೋತೀಯ!"

"ಸಮುದ್ರದಲ್ಲಿ ಮೀನಿಗೇನು ಬರವೇ?" ಭಟ್ಟರು ಎಲೆಗೆ ಸುಣ್ಣ ಹಚ್ಚಿದರು.

"ಇದು ಬೂತಾಯಿ ಅಲ್ಲ ಭಟ್ರೇ. ಬಸುರೇ ಎರಡು ವರ್ಷ, ಆಮೇಲೆ ಒಂದೋ ಎರಡೋ ಮರಿ."

"ಎರಡು ವರ್ಷ!" ಪದ್ದಕ್ಕ ಸೊಂಟ ಹಿಡಿದುಕೊಂಡಳು.

"ಲಕ್ಷದ್ವೀಪದ ಕೆಳಗೇ ಮಾಲ್ಡೀವ್ಸ್. ಲಿವರ್ ಎಣ್ಣೆಗೆ ಅಂತ 1980ರಲ್ಲಿ ಶುರುವಾದ ಮೀನುಗಾರಿಕೆ ಆ ದಶಕದ ಮೊದಲಲ್ಲೇ ಶಿಖರ ಮುಟ್ಟಿ, ಆಮೇಲೆ ಮುಳುಗ್ತು. 2010ರಲ್ಲಿ ಶಾರ್ಕ್ ಹಿಡಿಯೋದನ್ನೇ ನಿಷೇಧಿಸಿದ್ರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡಲಲ್ಲಿ 1976ರಲ್ಲಿ ಸರ್ವೆ ಮಾಡಿದ್ದ ಹಡಗೇ ಇಪ್ಪತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಬಲೆ ಎಳೀತು. ಗಲ್ಪರ್ ಜಾತಿಯವು ನೂರರಲ್ಲಿ 98ಕ್ಕೂ ಮೇಲೆ ಇಲ್ಲವಾಗಿದ್ವು. ಅಲ್ಲಂತೂ ಎಣ್ಣೆಗಿಂತ ಬೇರೆ ಮೀನಿಗೆ ಹಾಕಿದ ಟ್ರಾಲ್ ಬಲೆಯೇ ಯಮ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಭಟ್ಟರೂ ಎಲೆ ಬಾಯಿಗಿಡಲಿಲ್ಲ.

"ಸಿಕ್ಕಿದ್ದನ್ನ ವಾಪಸ್ ಬಿಟ್ರಾಯ್ತಪ್ಪ," ಅಂದರು ಕೊನೆಗೆ.

"ಟ್ರಾಲ್‌ನಲ್ಲಿ ಮೇಲೆ ಬರೋದು ಬಹುಪಾಲು ಹೆಣ. ಗಾಳಕ್ಕೆ ಸಿಕ್ಕಿದ್ದನ್ನ ಬೇಗ ಬಿಟ್ರೆ ಬದುಕೀತು. ಅದಕ್ಕೇ ಅಲ್ಲಿ ಕಡಲಿಳಿಜಾರಿನ ಕೆಲವು ಜಾಗಗಳನ್ನೇ ಮೀನುಗಾರಿಕೆಗೆ ಮುಚ್ಚಿದ್ರು. ಮುಚ್ಚಿದ ಮಾತ್ರಕ್ಕೆ ನಾಳೆ ತುಂಬಲ್ಲ, ಹುಟ್ಟಿದ ಮರಿ ತಾಯಾಗೋಕೇ ಹತ್ತಾರು ವರ್ಷ ಬೇಕು. ನಾವ್ಯಾರೂ ಅದನ್ನ ನೋಡೋಕೆ ಇರಲ್ಲ ಬಿಡಿ."

ಮೂರ್ತಿ ಬಾಟ್ಲಿ ತಿರುಗಿಸಿದ. "ಶಾರ್ಕ್ ಅಂತ ಎಲ್ಲೂ ಬರೆದಿಲ್ಲ."

"ಬರೀತಾರಾ? ಆಲಿವ್, ಕಬ್ಬು, ಸಸ್ಯಮೂಲ, ಯಾವುದಾದ್ರೂ ಇದೆಯಾ?"

"ಇಲ್ಲ."

"ಕಂಪನಿಗೆ ಬರೆದು ಕೇಳು."

"ಉತ್ತರ ಬರೋವರೆಗೆ?"

"ಸೋಪು ಮುಟ್ಟಬೇಡ."