ಪದಚರ್ಚೆ: ನಾಸ್ ಫೋಲ್ಡರಿಗೆ ‘ಪರವಾನಗಿ’ಯೋ, ‘ಅನುಮತಿ’ಯೋ, ‘ಹಕ್ಕೋ’?

ಪ್ರಶ್ನೆ (ಪುಣೆಯಿಂದ):

ನಮ್ಮ ಸಂಘದ ಹಳೆಯ ಫೋಟೋ, ಲೆಕ್ಕಪತ್ರ, ಸಂಚಿಕೆಗಳ ಪುಟಗಳೆಲ್ಲ ಈಗ ಒಂದು ನಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಫೈಲುಗಳ ಸಂಗ್ರಹ ಯಂತ್ರ) ಇವೆ. ಬಳಸುವವರಿಗಾಗಿ ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ‘ಪರ್ಮಿಷನ್’ಗೆ ಕರಡಿನಲ್ಲಿ ‘ಪರವಾನಗಿ’ ಎಂದಿದೆ. ಇಲ್ಲಿ ಮರಾಠಿಯಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಬೆಂಗಳೂರು ಕಡೆಯ ಸದಸ್ಯರೊಬ್ಬರು ‘ಪರವಾನಗಿ ಇಲ್ಲ’ ಎಂಬುದನ್ನು ಓದಿ, ಸಾಫ್ಟ್‌ವೇರಿನ ಲೈಸೆನ್ಸ್ ಮುಗಿದಿದೆಯೇ ಎಂದು ಕೇಳಿದರು. ‘ಅನುಮತಿ’ ಎಂದರೆ ಸಾಕೇ? ‘ಎಕ್ಸಿಕ್ಯೂಟ್’, ‘ಇನ್‌ಹೆರಿಟ್’, ‘ಡಿನೈ’ಗಳಿಗೆ ಏನು ಬಳಸಬಹುದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಾಟುಂಗಾ, ಮುಂಬಯಿ):

ನಮಸ್ಕಾರ. ‘ಪರವಾನಗಿ’ ಬೇಡ. ಮರಾಠಿಯಲ್ಲಿ ‘ಪರವಾನಗಿ’ ಎಂದರೆ ಅನುಮತಿ, ‘ಪರವಾನಾ’ ಎಂದರೆ ಲೈಸೆನ್ಸ್. ಕನ್ನಡದಲ್ಲಿ ಲೈಸೆನ್ಸಿನ ಅರ್ಥವನ್ನು ‘ಪರವಾನಗಿ’ಯೇ ಹೊತ್ತುಕೊಂಡಿದೆ: ಚಾಲನಾ ಪರವಾನಗಿ, ಅಂಗಡಿಯ ಪರವಾನಗಿ. ಬೆಳಗಾವಿ, ಧಾರವಾಡದವರಿಗೆ ಎರಡೂ ಅರ್ಥ ಹೊಳೆದೀತು, ಮೈಸೂರಿನವರಿಗೆ ಕಷ್ಟ.

ಆದರೆ ಎಲ್ಲೆಡೆ ‘ಅನುಮತಿ’ ಎಂದು ತುಂಬಿದರೂ ತೊಡಕು ತೀರುವುದಿಲ್ಲ. ನಾಸ್‌ನಲ್ಲಿ ತಪಾಸಣೆ ಎರಡು ಕಡೆ ನಡೆಯುತ್ತದೆ: ಮೊದಲು ಶೇರ್‌ನ (ನೆಟ್‌ವರ್ಕಿನಲ್ಲಿ ಹಂಚಿಟ್ಟ ಮೇಲಿನ ಫೋಲ್ಡರ್) ಬಾಗಿಲಲ್ಲಿ, ಆಮೇಲೆ ಒಳಗಿನ ಫೋಲ್ಡರ್ ಮತ್ತು ಫೈಲಿನಲ್ಲಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರ್‌ನಲ್ಲಿ ಓದು-ಬರೆ ಎರಡೂ ಇದ್ದು, ಫೋಲ್ಡರಿನಲ್ಲಿ ಓದು ಮಾತ್ರ ಇದ್ದರೆ ಫೈಲು ತೆರೆದುಕೊಳ್ಳುತ್ತದೆ, ಸೇವ್ ಆಗುವುದಿಲ್ಲ. ಎರಡಕ್ಕೂ ಒಂದೇ ಪದವಿದ್ದರೆ ಓದುಗರು ಬಾಗಿಲನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ಹಾಗಾಗಿ ಶೇರ್‌ಗೆ ‘ಪ್ರವೇಶಾನುಮತಿ’, ಫೋಲ್ಡರಿಗೆ ‘ಹಕ್ಕು’ ಎಂದು ಬೇರೆ ಮಾಡಿ. ‘ನಿಮಗೆ ಅನುಮತಿ ಇಲ್ಲ’ ಎಂಬಲ್ಲಿ ‘ಈ ಫೋಲ್ಡರಿನಲ್ಲಿ ನಿಮಗೆ ಬರೆಯುವ ಹಕ್ಕಿಲ್ಲ’ ಎಂದು ಬರೆದರೆ ಎಲ್ಲಿ ನೋಡಬೇಕೆಂಬುದೂ ಅದರಲ್ಲೇ ಬಂತು.

‘ಎಕ್ಸಿಕ್ಯೂಟ್’ಗೆ ನಿಘಂಟು ನೋಡಿ ‘ಚಲಾಯಿಸು’ ಎಂದು ಹಾಕಬೇಡಿ. ಪ್ರೋಗ್ರಾಮಿಗೆ ಅದು ಸರಿ, ಫೋಲ್ಡರನ್ನು ಯಾರೂ ಚಲಾಯಿಸುವುದಿಲ್ಲ. ಲಿನಕ್ಸ್ ಲೆಕ್ಕದಲ್ಲಿ ಓದು 4, ಬರೆ 2, ಈ ಮೂರನೆಯದು 1. ಫೋಲ್ಡರಿಗೆ ಬಂದಾಗ ಇದರ ಅರ್ಥ ‘ಒಳಹೋಗುವ ಹಕ್ಕು’. 4 ಇದ್ದು 1 ಇಲ್ಲದಿದ್ದರೆ ಫೈಲುಗಳ ಹೆಸರು ಕಾಣುತ್ತದೆ, ಯಾವುದೂ ತೆರೆಯುವುದಿಲ್ಲ. ಕೆಳಗಿನ ಫೋಲ್ಡರಿಗೆ 777 (ಮಾಲೀಕರು, ಗುಂಪಿನವರು, ಉಳಿದವರು ಎಲ್ಲರಿಗೂ 4+2+1, ಅಂದರೆ ಮೂರೂ ಹಕ್ಕು) ಕೊಟ್ಟರೂ, ಮೇಲಿನ ಯಾವುದೋ ಒಂದರಲ್ಲಿ ಒಳಹೋಗುವ ಹಕ್ಕು ತಪ್ಪಿದ್ದರೆ ಅಲ್ಲೇ ನಿಂತುಹೋಗುತ್ತದೆ. ತುದಿಯಿಂದ ಒಂದೊಂದೇ ಮೆಟ್ಟಿಲು ನೋಡುತ್ತಾ ಇಳಿಯಬೇಕು. 777 ಕೊಡುವ ಚಾಳಿಯನ್ನಂತೂ ಕೈಪಿಡಿಯಲ್ಲಿ ಕಲಿಸಲೇಬೇಡಿ.

‘ಇನ್‌ಹೆರಿಟ್’ಗೆ ‘ಆನುವಂಶಿಕ’ ಎಂದರೆ ರಕ್ತಸಂಬಂಧದ, ಕಾಯಿಲೆಯ ವಾಸನೆ ಬರುತ್ತದೆ. ‘ಬಳುವಳಿ’ ಚೆಂದದ ಮಾತು, ಆದರೆ ಅದು ಒಮ್ಮೆ ಕೊಟ್ಟು ಮುಗಿಯುವಂಥದ್ದು. ಇಲ್ಲಿ ಮೇಲಿನದನ್ನು ತಿದ್ದಿದರೆ ಕೆಳಗಿನದೂ ಬದಲಾಗಬೇಕು. ‘ಮೇಲಿನಿಂದ ಇಳಿದ ಹಕ್ಕು’ ಸಾಕು. ವಿಂಡೋಸ್ ಮಾದರಿಯ ಎಸಿಎಲ್‌ನಲ್ಲಿ (ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ) ಎಡವುವ ಜಾಗವೂ ಇದೇ: ಫೈಲನ್ನು ನಕಲು ಮಾಡಿದರೆ ಅದು ಸೇರಿದ ಮನೆಯ ಹಕ್ಕು ಪಡೆಯುತ್ತದೆ, ಅದೇ ವಾಲ್ಯೂಮಿನೊಳಗೆ (ಸಂಗ್ರಹದ ಒಂದೇ ವಿಭಾಗದೊಳಗೆ) ಸ್ಥಳಾಂತರಿಸಿದರೆ ಸಾಮಾನ್ಯವಾಗಿ ತವರಿನ ಹಕ್ಕನ್ನೇ ಹೊತ್ತು ತರುತ್ತದೆ. ‘ಫೋಲ್ಡರಿಗೆ ಹಕ್ಕು ಕೊಟ್ಟಿದ್ದೇನೆ, ಈ ನಾಲ್ಕು ಫೈಲು ಮಾತ್ರ ತೆರೆಯುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಮೇಲಿನ ಫೋಲ್ಡರಿನ ಹಕ್ಕನ್ನು ಒಳಗಿನ ಎಲ್ಲ ಫೋಲ್ಡರ್, ಫೈಲುಗಳಿಗೂ ಮತ್ತೆ ಅನ್ವಯಿಸಿದರೆ ಸರಿಹೋಗುತ್ತದೆ.

‘ಡಿನೈ’ಗೆ ‘ತಡೆ’ ಎನ್ನಿ. ‘ನಿರಾಕರಣೆ’ ಎಂದರೆ, ಕೊಡದಿರುವುದಕ್ಕೂ ತಡೆದಿರುವುದಕ್ಕೂ ಅಂತರ ಕಾಣುವುದಿಲ್ಲ. ಒಬ್ಬರು ಎರಡು ಗುಂಪಿನಲ್ಲಿದ್ದಾರೆ ಎನ್ನಿ. ಒಂದು ಗುಂಪಿಗೆ ಬರೆಯುವ ಹಕ್ಕಿದ್ದು ಇನ್ನೊಂದಕ್ಕೆ ಏನೂ ಹೇಳದಿದ್ದರೆ ಅವರು ಬರೆಯಬಹುದು. ಇನ್ನೊಂದಕ್ಕೆ ಅದೇ ಫೋಲ್ಡರಿನಲ್ಲಿ ತಡೆ ಇದ್ದರೆ ಬರೆಯಲಾಗದು. ಗುಂಪು ಬದಲಾಯಿಸಿದ ಮೇಲೆ ಲಾಗ್ ಔಟ್ ಆಗಿ ಮತ್ತೆ ಒಳಬರಬೇಕೆಂದೂ ಬರೆಯಿರಿ. ಹಳೆಯ ಸಂಪರ್ಕ ಹಳೆಯ ಗುಂಪುಗಳನ್ನೇ ಹಿಡಿದುಕೊಂಡಿರುತ್ತದೆ.

ಇನ್ನೊಂದು ಉತ್ತರ (ಪಣಜಿ):

‘ತಡೆ’ಗೆ ನನ್ನದೂ ಒಪ್ಪಿಗೆ. ‘ಓನರ್’ಗೆ ‘ಮಾಲೀಕ’ ಎನ್ನಬಹುದು, ಆದರೆ ಎನ್‌ಎಫ್‌ಎಸ್ (ಲಿನಕ್ಸ್ ಯಂತ್ರಗಳು ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ವಿಧಾನ) ಬಳಸುವವರಿದ್ದರೆ ಒಂದು ಸಾಲು ಸೇರಿಸಿ: ಸಾಮಾನ್ಯ ಜೋಡಣೆಯಲ್ಲಿ ಅದು ಮಾಲೀಕರನ್ನು ಗುರುತಿಸುವುದು ಸಂಖ್ಯೆಯಿಂದ. ನಿಮ್ಮ ಯಂತ್ರದಲ್ಲಿ 1000, ನಾಸ್‌ನಲ್ಲಿ 1026 ಇದ್ದರೆ ಹೆಸರು ಒಂದೇ ಆದರೂ ಇಬ್ಬರು ಬೇರೆ. ಎರಡೂ ಕಡೆ ‘ಐಡಿ’ ಕಮಾಂಡ್ ಕೊಟ್ಟು ಹೋಲಿಸಿ. ಹಂಚಿಕೊಂಡ ಫೋಲ್ಡರಿಗೆ 2775 ಕೊಟ್ಟರೆ, ಮೊದಲಿನ 2ರಿಂದಾಗಿ ಹೊಸ ಫೈಲುಗಳಿಗೆ ಫೋಲ್ಡರಿನ ಗುಂಪೇ ಬರುತ್ತದೆ. ಅದರೊಂದಿಗೆ ಯುಮಾಸ್ಕ್ (ಹೊಸ ಫೈಲಿನಲ್ಲಿ ಯಾವ ಹಕ್ಕು ತೆಗೆಯಬೇಕೆಂಬ ಸಂಖ್ಯೆ) 022 ಇದ್ದರೆ 002 ಮಾಡಿ, ಇಲ್ಲವಾದರೆ ಗುಂಪಿನವರಿಗೆ ಬರೆಯುವ ಹಕ್ಕು ಇರುವುದಿಲ್ಲ.