‘3ಯ + 5’ ಎಂದರೆ ‘8ಯ’ ಎನ್ನುವ ಮಕ್ಕಳಿಗೆ ಸಮೀಕರಣ ಕಲಿಸುವುದು ಹೇಗೆ?

ಪ್ರಶ್ನೆ: ಶಿಕ್ಷಕಿ, ಇಂಡಿ ತಾಲ್ಲೂಕು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಗೆ ಗಣಿತ ಹೇಳುತ್ತೇನೆ. ಬೀಜೋಕ್ತಿ ಮುಗಿಸಿ ಸರಳ ಸಮೀಕರಣಕ್ಕೆ ಬಂದಿದ್ದೇವೆ. ಪುಸ್ತಕದಲ್ಲಿರುವ ಎಕ್ಸ್ ಅಕ್ಷರದ ಬದಲು ಇಲ್ಲಿ ‘ಯ’ ಎಂದು ಬರೆಯುತ್ತೇನೆ.

ನಮ್ಮ ಕಡೆ ನಿಂಬೆ ತೋಟಗಳು ಹೆಚ್ಚು, ಹಾಗಾಗಿ ಉದಾಹರಣೆಯನ್ನೂ ಅಲ್ಲಿಂದಲೇ ತಂದೆ. ಮೂರು ಚೀಲ ನಿಂಬೆ, ಎಲ್ಲ ಚೀಲಗಳಲ್ಲೂ ಸಮನಾದ ಹಣ್ಣು, ಜೊತೆಗೆ ಐದು ಬಿಡಿ ಹಣ್ಣು. ಒಟ್ಟು 3ಯ + 5. ಅರ್ಧ ತರಗತಿ ಅದನ್ನು 8ಯ ಎಂದು ಬರೆಯಿತು. 3ಯ = 12 ಕೊಟ್ಟರೆ, ‘ಮೂರನ್ನು ಆಚೆ ದಾಟಿಸಿದೆ, ಚಿಹ್ನೆ ಬದಲಾಯಿತು’ ಎಂದು 12 − 3 = 9 ಎನ್ನುತ್ತಾರೆ. ಕೂಡಿಸುವುದು, ಭಾಗಿಸುವುದು ಬಾರದ ಮಕ್ಕಳಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕವನ್ನು ನನಗಿಂತ ಬೇಗ ಹೇಳುತ್ತಾರೆ. ಅಕ್ಷರ ಬಂದ ಕೂಡಲೇ ಏನಾಗುತ್ತದೆ? ಎಲ್ಲಿಂದ ಮತ್ತೆ ಆರಂಭಿಸಲಿ?

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಜಮಖಂಡಿ

ತಂಗಿ, ಅಕ್ಷರಕ್ಕಿಂತ ಮೊದಲು ಸಮ ಚಿಹ್ನೆಯನ್ನು ಪರೀಕ್ಷಿಸಿ. ನಾಳೆ ಹಲಗೆಯ ಮೇಲೆ 8 + 4 = □ + 5 ಎಂದು ಬರೆಯಿರಿ, ಏನನ್ನೂ ವಿವರಿಸಬೇಡಿ. ಬಹಳ ಮಕ್ಕಳು ಚೌಕದಲ್ಲಿ 12 ತುಂಬುತ್ತಾರೆ, ಕೆಲವರು 17. ಏಳು ಬರುವುದು ಅಪರೂಪ. ಒಂದನೆಯ ತರಗತಿಯಿಂದ ಅವರಿಗೆ ಆ ಚಿಹ್ನೆ ಎಂದರೆ ‘ಇಲ್ಲಿ ಉತ್ತರ ಬರೆ’ ಎಂಬ ಅಪ್ಪಣೆ. ಎರಡೂ ಕಡೆಯ ಬೆಲೆ ಒಂದೇ ಎಂಬ ಅರ್ಥ ಅವರಿಗೆ ತಲುಪಿಯೇ ಇಲ್ಲ. 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಈ ಎರಡು ಗೆರೆಗಳನ್ನು ಬಳಕೆಗೆ ತಂದಾಗ ಕೊಟ್ಟ ಕಾರಣವನ್ನು ಮಕ್ಕಳಿಗೆ ಹೇಳಿ: ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದದ್ದು ಬೇರೊಂದಿಲ್ಲ. ನಂತರ 15 = 9 + 6, 7 + 3 = 12 − 2 ಇಂಥವನ್ನು ಬರೆಸಿ, ಸರಿಯೋ ತಪ್ಪೋ ಎಂದು ಮಾತ್ರ ಕೇಳಿ. ಇದಕ್ಕೆ ಒಂದೆರಡು ತಾಸು ಹೋಗಲಿ. ಪಠ್ಯ ಹಿಂದುಳಿಯುತ್ತದೆ ಎಂದು ಅಂಜಬೇಡಿ, ಈ ಬುನಾದಿ ಇಲ್ಲದೆ ಮುಂದಿನದ್ದೆಲ್ಲ ಬಾಯಿಪಾಠವೇ.

ಇನ್ನು 8ಯ. ‘ಯ’ ಎಂದರೇನು ಎಂದು ಆ ಮಕ್ಕಳನ್ನೇ ಕೇಳಿ ನೋಡಿ. ‘ಚೀಲ’ ಎನ್ನುತ್ತಾರೆ, ಇಲ್ಲವೇ ‘ನಿಂಬೆ’. ಅದು ಎರಡೂ ಅಲ್ಲ, ಒಂದು ಚೀಲದಲ್ಲಿರುವ ಹಣ್ಣುಗಳ ಸಂಖ್ಯೆ. ಇದಕ್ಕಾಗಿಯೇ ವಸ್ತುವಿನ ಹೆಸರಿನ ಮೊದಲಕ್ಷರವನ್ನು ಚರಾಕ್ಷರ ಮಾಡಬೇಡಿ ಎಂದು ಕಿರಿಯ ಶಿಕ್ಷಕರಿಗೆ ನಾನು ಹೇಳುತ್ತಾ ಬಂದಿದ್ದೇನೆ. ನಿಂಬೆಗೆ ‘ನಿ’ ಎಂದಿಟ್ಟರೆ 3ನಿ ಎಂದರೆ ಮೂರು ನಿಂಬೆ ಎಂದೇ ಮಗು ಓದುತ್ತದೆ. ಚೀಲದಲ್ಲಿ ನೂರು ಹಣ್ಣಿದ್ದರೆ ಎಷ್ಟು ಎಂದು ಕೇಳಿ. 3ಯ + 5 ಎಂದರೆ 305, 8ಯ ಎಂದರೆ 800. ‘ವಿಜಾತಿ ಪದಗಳನ್ನು ಕೂಡಿಸಬಾರದು’ ಎಂಬ ನಿಯಮಕ್ಕಿಂತ ಈ ಎರಡು ಸಂಖ್ಯೆಗಳು ಜೋರಾಗಿ ಮಾತಾಡುತ್ತವೆ.

‘ದಾಟಿಸು’ ಎಂಬ ಮಾತನ್ನು ಮಾತ್ರ ಈ ವರ್ಷ ತರಗತಿಯಿಂದ ಹೊರಗಿಡಿ. ನಿಮ್ಮ ಮಕ್ಕಳ ಒಂಬತ್ತಕ್ಕೆ ಅದೇ ಮೂಲ. ತಕ್ಕಡಿಯಲ್ಲಿ ಒಂದು ತಟ್ಟೆಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡುವಂತೆ, ಎರಡೂ ಬದಿಯನ್ನು 3ರಿಂದ ಭಾಗಿಸು ಎಂದು ಪೂರ್ತಿ ಬರೆಸಿ. ಸಾಲು ಉದ್ದವಾಗುತ್ತದೆ, ಆಗಲಿ. ಉತ್ತರ ಬಂದ ಮೇಲೆ ಅದನ್ನು ಮೂಲ ಸಮೀಕರಣದಲ್ಲಿ ಇಟ್ಟು ನೋಡುವುದು ಕಡ್ಡಾಯ. 3 × 9 = 27, ಹನ್ನೆರಡಲ್ಲ. ತಪ್ಪನ್ನು ಮಗು ತಾನೇ ಹಿಡಿಯುತ್ತದೆ, ನೀವು ಕೆಂಪು ಪೆನ್ನು ತೆಗೆಯಬೇಕಾಗಿಲ್ಲ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಬೆಳಗಾವಿ

ಗುರುಗಳು ಹೇಳಿದ್ದಕ್ಕೆ ಬೆಂಕಿಕಡ್ಡಿಯ ಆಟವನ್ನು ಸೇರಿಸುತ್ತೇನೆ. ಒಂದು ಚೌಕಕ್ಕೆ 4 ಕಡ್ಡಿ, ಅದಕ್ಕೆ ಅಂಟಿಕೊಂಡು ಎರಡನೆಯ ಚೌಕ ಮಾಡಿದರೆ ಒಟ್ಟು 7, ಮೂರಕ್ಕೆ 10. ‘ಯ’ ಚೌಕಗಳಿಗೆ? ಒಬ್ಬಳು 4 + 3(ಯ − 1) ಎನ್ನುತ್ತಾಳೆ, ಇನ್ನೊಬ್ಬ 3ಯ + 1. ಮೇಲಿನ ಸಾಲು, ಕೆಳಗಿನ ಸಾಲು, ನಿಂತ ಕಡ್ಡಿ ಎಂದು ಎಣಿಸಿದವನಿಗೆ ಯ + ಯ + (ಯ + 1) ಸಿಗುತ್ತದೆ. ಮೂವರೂ ಸರಿ. ಮೂರೂ ಒಂದೇ ಹೇಗೆ ಎಂದು ಅವರೇ ಜಗಳವಾಡಿ ತೀರ್ಮಾನಿಸಲಿ. ಬೀಜೋಕ್ತಿಯನ್ನು ಸಂಕ್ಷೇಪಿಸುವುದು ಯಾಕೆ ಬೇಕು ಎಂದು ಆಗ ಯಾರೂ ಕೇಳುವುದಿಲ್ಲ.

ಉತ್ತರ: ಗಣಿತಾಸಕ್ತ, ವಿಜಯಪುರ

ಭಾಸ್ಕರಾಚಾರ್ಯರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಪಾಟಣ ಎನ್ನುವವರೂ ಇದ್ದಾರೆ. ಊರು ಯಾವುದಾದರೂ ಇರಲಿ, ಅವರ ಬರವಣಿಗೆಯ ಪದ್ಧತಿ ನಿಮ್ಮ ಸಮಸ್ಯೆಗೆ ಔಷಧಿಯಂತಿದೆ. 12ನೆಯ ಶತಮಾನದ ಅವರ ಬೀಜಗಣಿತದಲ್ಲಿ ಅವ್ಯಕ್ತ ಸಂಖ್ಯೆಗೆ ‘ಯಾವತ್ತಾವತ್’, ಅದರ ಗುರುತು ‘ಯಾ’. ಬಿಡಿ ಸಂಖ್ಯೆಗೆ ‘ರೂಪ’, ಗುರುತು ‘ರೂ’. ಎರಡನೆಯ, ಮೂರನೆಯ ಅವ್ಯಕ್ತಗಳು ಬಂದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು. 5ಯ + 4 = 2ಯ + 19 ಹೀಗಾಗುತ್ತದೆ:

ಯಾ 5 ರೂ 4
ಯಾ 2 ರೂ 19

‘ಯಾ’ ಕೆಳಗೆ ‘ಯಾ’, ‘ರೂ’ ಕೆಳಗೆ ‘ರೂ’. ಮೇಲಿನಿಂದ ಎರಡು ‘ಯಾ’ ತೆಗೆದರೆ ಉಳಿಯುವುದು ಮೂರು, ಕೆಳಗಿನಿಂದ ನಾಲ್ಕು ‘ರೂ’ ತೆಗೆದರೆ ಉಳಿಯುವುದು 15. ಭಾಗಿಸಿದರೆ 5. ಇಲ್ಲಿ ಮೂರು ‘ಯಾ’ಗೆ ಐದು ‘ರೂ’ ಕೂಡಿಸಿ ಎಂಟು ಮಾಡಲು ಕೈಯೇ ಏಳುವುದಿಲ್ಲ, ಮನೆಗಳೇ ಬೇರೆ. ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿ.

ಪ್ರಶ್ನೆ ಕೇಳಿದವರು:

ಗುರುಗಳೇ, ಚೌಕದ ಲೆಕ್ಕ ಕೊಟ್ಟೆ. ನೀವು ಹೇಳಿದಂತೆಯೇ ಆಯಿತು, ಹೆಚ್ಚಿನವರು 12 ಬರೆದರು. ಒಬ್ಬ ಹುಡುಗಿ ಏಳು ಬರೆದು, ಎಲ್ಲರೂ ಬೇರೆ ಬರೆದಿದ್ದಾರೆಂದು ಅಳಿಸಿದ್ದಳು. ಅವಳಿಂದಲೇ ವಿವರಣೆ ಕೊಡಿಸಿದೆ. ಇನ್ನೊಂದು ಅನುಮಾನ: ಯ + 8 = 3 ಬಂದಾಗ ತಕ್ಕಡಿ ಏನು ಮಾಡಬೇಕು?

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಜಮಖಂಡಿ

ಆ ಹುಡುಗಿಯನ್ನು ಮುಂದೆ ಕರೆದದ್ದು ಬಹಳ ಒಳ್ಳೆಯದಾಯಿತು.

ಋಣ ಸಂಖ್ಯೆಗೆ ತಕ್ಕಡಿ ಒದಗುವುದಿಲ್ಲ, ಎಳೆದು ಹೊಂದಿಸಲು ಹೋಗಬೇಡಿ. ಅಷ್ಟರೊಳಗೆ ‘ಎರಡೂ ಬದಿಗೆ ಒಂದೇ ಕೆಲಸ’ ಎಂಬುದು ಕೂತಿರುತ್ತದೆ. ಎರಡೂ ಬದಿಯಿಂದ 8 ಕಳೆದರೆ ಯ = −5. ಸಂಖ್ಯಾರೇಖೆಯ ಮೇಲೆ −5ರಿಂದ ಎಂಟು ಹೆಜ್ಜೆ ಬಲಕ್ಕೆ ನಡೆಸಿ, ಮೂರಕ್ಕೆ ಬಂದು ನಿಲ್ಲುತ್ತಾರೆ.

ಅದಾದ ಮೇಲೆ ಸಮೀಕರಣವನ್ನು ಮಕ್ಕಳೇ ಕಟ್ಟಲಿ. ಯ = 4 ಎಂದು ಗುಟ್ಟಾಗಿ ಇಟ್ಟುಕೊಂಡು 3ಯ = 12, ಆಮೇಲೆ 3ಯ + 7 = 19 ಮಾಡಿ, ಕೊನೆಯ ಸಾಲನ್ನು ಮಾತ್ರ ಪಕ್ಕದವರಿಗೆ ಕೊಡಲಿ. ಕಟ್ಟಿದವರಿಗೆ ಯಾವ ಗಂಟನ್ನು ಮೊದಲು ಬಿಚ್ಚಬೇಕೆಂದು ಹೇಳಿಕೊಡಬೇಕಾಗಿಲ್ಲ.